ಹದಿನೈದು ವರ್ಷದ ಒಗರು

ಕದ್ರಿ, ಮಂಗಳೂರು
12 ಮೇ 2025

ಪ್ರೀತಿಯ ಸ್ನೇಹಾ,

ಕದ್ರಿಯಿಂದ ಕಾವೂರಿಗೆ ಕಾರಿನಲ್ಲಿ ಕಾಲು ಗಂಟೆಯ ದಾರಿ. ಆದರೂ ಸ್ವಂತ ಅಕ್ಕನ ಮಗಳಿಗೆ ಕಾಗದ ಬರೆಯುವ ಕರ್ಮ ನನಗೆ. ನೀನು ನನ್ನ ನಂಬರ್ ಬ್ಲಾಕ್ ಮಾಡಿಟ್ಟರೆ ಬೇರೆ ಎಂತ ಮಾಡುವುದು? ಡ್ರೈವರ್ ಅಲ್ಫೋನ್ಸ್‌ನ ಕೈಯಲ್ಲಿ ಇದನ್ನೂ ಒಂದು ಪೆಟ್ಟಿಗೆಯನ್ನೂ ಕಳಿಸಿದ್ದೇನೆ. ಗೇಟಿನಿಂದಲೇ ವಾಪಸ್ ಓಡಿಸಬೇಡ. ಅವನು ಪಾಪದವ.

ಪೆಟ್ಟಿಗೆಯಲ್ಲಿರುವುದು ಬರ್ಬನ್. ಅಮೆರಿಕದವರು ಮುಸುಕಿನ ಜೋಳದಿಂದ ಮಾಡುವ ವಿಸ್ಕಿ. ಹೊಸ ಓಕ್ ಮರದ ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟು ಕರಿ ಮಾಡಿ, ಅದರಲ್ಲಿ ತುಂಬಿಸಿ, ಬಿರಡೆ ಜಡಿದು ಇಡುತ್ತಾರೆ. ಸಾಮಾನ್ಯ ನಾಲ್ಕೈದು ವರ್ಷ. ಇದು ಹದಿನೈದು ವರ್ಷದ್ದು. ಹೋದ ವರ್ಷ ನಾನೇ ಕೆಂಟಕಿಗೆ ಹೋಗಿ, ಗೋದಾಮಿನ ಕತ್ತಲೆಯಲ್ಲಿ ಒಂದೊಂದೇ ಪೀಪಾಯಿಯಿಂದ ಗುಟುಕು ಗುಟುಕು ರುಚಿ ನೋಡಿ ಇದೊಂದನ್ನು ಆರಿಸಿದೆ. ಇಡೀ ಪೀಪಾಯಿ ನಮ್ಮ ‘ಪಡುಗಾಳಿ’ಗೆ ಮಾತ್ರ. ಲೇಬಲ್ಲಿನಲ್ಲಿ ನಮ್ಮ ಹೋಟೆಲಿನ ಹೆಸರು ಉಂಟು, ನೋಡು. ಪ್ರಪಂಚದಲ್ಲಿ ಬೇರೆ ಎಲ್ಲಿಯೂ ಇದು ಸಿಗುವುದಿಲ್ಲ. ಒಂದು ಕಾಲದಲ್ಲಿ ‘ಶೆಟ್ರ ಬಾರು’ ಎಂದು ಮೂಗು ಮುರಿದವರೇ ಈಗ ಮೇಜು ಕೊಡಿ ಎಂದು ಫೋನ್ ಮಾಡುತ್ತಾರೆ.

ಜೂನ್ 14, ಶನಿವಾರ ಸಂಜೆ ಮೊದಲ ಬಾಟಲಿ ತೆರೆಯುವುದು. ನಲವತ್ತು ಜನರಿಗೆ ಮಾತ್ರ ಕರೆ. ಸುರಿಯುವವಳು, ಮೈಕಿನಲ್ಲಿ ಬರ್ಬನ್ನಿನ ಕತೆ ಹೇಳುವವಳು ನಿನ್ನ ಮಗಳು. ಮನ್ವಿತಾ ನಮ್ಮ ಬಾರ್ ಕೌಂಟರಿನಲ್ಲಿ ಎಷ್ಟು ಚಂದ ಕೆಲಸ ಮಾಡುತ್ತಾಳೆ ಎಂದು ನೀನು ಒಂದು ಸಲವಾದರೂ ಬಂದು ನೋಡಬೇಕಿತ್ತು.

ಇನ್ನೊಂದು ಮಾತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ. ಮುಖ್ಯ ಅತಿಥಿ ಪೃಥ್ವಿರಾಜ್. ಅಬಕಾರಿಯಲ್ಲಿ ಈ ಲೇಬಲ್ ಪಾಸಾಗಲು ಬೆಂಗಳೂರಿಗೆ ನನ್ನ ಜೊತೆ ಓಡಾಡಿದವರು ಅವರೇ. ಅವರು ಈಗ ಆವತ್ತಿನ ಹುಡುಗ ಅಲ್ಲ ಮಾರಾಯ್ತಿ. ಬಿಲ್ಡರ್. ಮಕ್ಕಳು ಕಾಲೇಜಿಗೆ ಹೋಗುತ್ತಾರೆ. “ಮೇಡಮ್ ಬಂದರೆ ನಾನೇ ಒಂದು ಗ್ಲಾಸ್ ಎತ್ತಿ ಕೊಡ್ತೇನೆ ಶೆಟ್ರೇ, ಹಳೇದು ಅಲ್ಲಿಗೇ ಮುಗಿಯಲಿ” ಎಂದರು. ಒಂದು ಫೋಟೋ ತೆಗೆದರೆ ಊರಿಗೂ ಒಳ್ಳೆಯ ಸಂದೇಶ.

ಇಷ್ಟು ವರ್ಷದಲ್ಲಿ ವಿಸ್ಕಿಯೇ ಮೆತ್ತಗಾಗುತ್ತದೆ. ಮನುಷ್ಯರು ಆಗಬಾರದಾ? ರುಚಿ ನೋಡು. ಹೇಗಿದೆ ಎಂದು ಬರೆ.

ನಿನ್ನ ದಾರಿ ಕಾಯುವ
ಚಿತ್ತರಂಜನ ಮಾವ

*

ಕಾವೂರು
15 ಮೇ 2025

ಮಾವ,

ಅಲ್ಫೋನ್ಸ್‌ನನ್ನು ಓಡಿಸಲಿಲ್ಲ. ಒಳಗೆ ಕೂರಿಸಿ ಚಾ ಕೊಟ್ಟೆ. ನಿಮ್ಮ ಕಾಗದವನ್ನು ಅವನೆದುರೇ ಓದಿದೆ. ಅವನು ಚಾವನ್ನು ಅರ್ಧಕ್ಕೇ ಬಿಟ್ಟು “ನಾನು ಕಾರಿನಲ್ಲಿರ್ತೇನೆ ಅಕ್ಕ” ಎಂದು ಎದ್ದುಹೋದ. ನನ್ನ ಮುಖ ಹಾಗಿತ್ತೋ ಏನೋ.

ನನಗೆ ಅವನು ಗ್ಲಾಸ್ ಎತ್ತಿ ಕೊಡುತ್ತಾನಂತೆ! ಅದೇ ಕೈಯಲ್ಲಾ?

ನಿಮಗೆ ಮರೆತಿದ್ದರೆ ನಾನು ಹೇಳುತ್ತೇನೆ. 2009. ಆ ವರ್ಷ ಈ ಊರಿನಲ್ಲಿ ಗ್ಲಾಸ್ ಹಿಡಿದ ಹೆಣ್ಣುಮಕ್ಕಳಿಗೆ ಎಂತ ಆಯಿತೆಂದು ಇಡೀ ದೇಶ ಟಿವಿಯಲ್ಲಿ ನೋಡಿತ್ತು. ನಮ್ಮದು ಟಿವಿಗೆ ಬರಲಿಲ್ಲ, ಅಷ್ಟೇ. ಬೀಡಿ ಕಟ್ಟುವ ಹೆಂಗಸರ ಪಿ.ಎಫ್. ಕೇಸನ್ನು ಯೂನಿಯನ್ ಗೆದ್ದ ದಿನ ಅದು. ನಾನು, ಶಾಹುಲ್, ಯೂನಿಯನ್ನಿನ ಇನ್ನಿಬ್ಬರು. ನನ್ನ ಮಾವನ ಹೋಟೆಲು, ಇಲ್ಲಿ ಯಾರು ಕೇಳುತ್ತಾರೆ ಎಂಬ ಧೈರ್ಯದಲ್ಲಿ ‘ಪಡುಗಾಳಿ’ಗೆ ಬಂದು ಕೂತೆವು. ನನ್ನ ಎದುರು ಬಿಯರ್. ಶಾಹುಲ್ ಕುಡಿಯುವವನಲ್ಲ, ಅವನೆದುರು ಲಿಂಬೆ ಶರಬತ್ತು. ಪೃಥ್ವಿರಾಜನೂ ಅವನ ಹುಡುಗರೂ ನುಗ್ಗಿದರು. “ಬ್ಯಾರಿಯ ಜೊತೆ ಕೂತು ಕುಡಿತೀಯನಾ?” ಎಂದು ನನ್ನ ಜುಟ್ಟು ಹಿಡಿದು ಬಾಗಿಲವರೆಗೆ ಎಳೆದ. ಅಡ್ಡ ಬಂದ ಶಾಹುಲ್‌ನ ಎಡ ಕಿವಿಗೆ ಹೆಲ್ಮೆಟ್ಟಿನಲ್ಲಿ ಹೊಡೆದ. ಆ ಕಿವಿ ಮತ್ತೆ ಕೇಳಲೇ ಇಲ್ಲ.

ನೀವು ಕ್ಯಾಶ್ ಕೌಂಟರಿನಲ್ಲಿದ್ದಿರಿ ಮಾವ. ನನ್ನ ಕಣ್ಣೂ ನಿಮ್ಮ ಕಣ್ಣೂ ಸೇರಿತು. ನೀವು ಎದ್ದು ಬಂದಿರಿ. ಬಿಡಿಸಲು ಬರುತ್ತೀರಿ ಎಂದುಕೊಂಡೆ. ನೀವು ಶಟರ್ ಎಳೆದಿರಿ. ನಾವು ಹೊರಗಿರುವಾಗ.

ಆಮೇಲೆ ಕೋರ್ಟು. ನಮ್ಮ ಜೊತೆಗಿದ್ದ ಇಬ್ಬರೂ ಹೆದರಿ ಹಿಂದೆ ಸರಿದರು. ನಮ್ಮಿಬ್ಬರನ್ನು ಬಿಟ್ಟರೆ ಸಾಕ್ಷಿಪಟ್ಟಿಯಲ್ಲಿ ಉಳಿದವರು ನೀವೊಬ್ಬರೇ. ಬಿಳಿ ಅಂಗಿ ಹಾಕಿ ಬಂದು ನಿಂತು, “ನಾನು ಆಗ ಕಿಚನ್‌ನಲ್ಲಿದ್ದೆ, ಏನೂ ನೋಡಿಲ್ಲ” ಎಂದಿರಿ. ಕೇಸು ಬಿತ್ತು. ಅವನು ಹೂಮಾಲೆ ಹಾಕಿಸಿಕೊಂಡು ಹೊರಗೆ ಬಂದ. ಮಾಲೆ ಹಾಕಿದವರು ಅವನನ್ನು ಮೇಲೆ ಮೇಲೆ ಎತ್ತಿದರು. ಈಗ ನೀವೂ ಎತ್ತುತ್ತಿದ್ದೀರಿ, ಗ್ಲಾಸಿನ ಜೊತೆ.

ಇರಲಿ. ರುಚಿ ಹೇಗಿದೆ ಎಂದು ಕೇಳಿದ್ದೀರಲ್ಲ. ನೋಡಿದೆ. ಬಿಟ್ಟಿ ಸಿಕ್ಕಿದ್ದನ್ನು ಚೆಲ್ಲುವ ಮನೆಯವಳಲ್ಲ ನಾನು. ಪೆಟ್ಟಿಗೆಯಲ್ಲಿದ್ದ ನಿಮ್ಮ ಕಾರ್ಡಿನಲ್ಲಿ ಕಾಲಿರುವ ಗಾಜಿನ ಗ್ಲಾಸೇ ಬೇಕು ಎಂದಿತ್ತು. ನನ್ನಲ್ಲಿರುವುದು ಸ್ಟೀಲಿನ ಲೋಟ. ಅದಕ್ಕೇ ಸುರಿದೆ. ಬಣ್ಣ ಕರಟದ ಕಷಾಯದ ಹಾಗೆ. ಮೂಗಿಗೆ ಮೊದಲು ಬೆಲ್ಲದ ಪಾಕ, ಆಮೇಲೆ ಯಾರೋ ಹಳೆಯ ಮರದ ಪೆಟ್ಟಿಗೆ ತೆರೆದ ಹಾಗೆ. ಬಾಯಿಗಿಟ್ಟರೆ ಸಿಹಿ, ಬಿಸಿ, ಗಂಟಲಿನಲ್ಲಿ ಸುಟ್ಟ ವಾಸನೆ. ಅಲ್ಲಿಯವರೆಗೆ ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ? ಆದರೆ ನುಂಗಿದ ಮೇಲೆ ನಾಲಿಗೆಯ ಎರಡೂ ಬದಿ ಒಣಗಿ ಅಂಟಿಕೊಂಡಿತು. ಹಸಿ ಗೇರುಹಣ್ಣು ಕಚ್ಚಿದರೆ ಆಗುತ್ತದಲ್ಲ, ಹಾಗೆ. ಒಗರು. ನೀರು ಕುಡಿದರೂ ಹೋಗಲಿಲ್ಲ. ಜೋಳ ಹೋಗಿದೆ, ಬೆಲ್ಲ ಹೋಗಿದೆ, ಕೊನೆಗೆ ಉಳಿದದ್ದು ಮುಚ್ಚಿಟ್ಟ ಮರವೊಂದೇ.

ಕಾರ್ಡಿನಲ್ಲಿ ಇನ್ನೊಂದು ಸಂಗತಿ ಓದಿದೆ. ಹದಿನೈದು ವರ್ಷದಲ್ಲಿ ಪೀಪಾಯಿಯ ಅರ್ಧಕ್ಕಿಂತ ಹೆಚ್ಚು ಆವಿಯಾಗಿ ಹೋಯಿತಂತೆ, ಅದಕ್ಕೆ ‘ದೇವತೆಗಳ ಪಾಲು’ ಎನ್ನುತ್ತಾರಂತೆ. ಯಾವ ದೇವತೆ ಮಾವ? ನಮ್ಮ ಕೇಸೂ ಹಾಗೇ ಆವಿಯಾಯಿತು. ಆ ದೇವತೆ ಯಾರೆಂದು ನನಗೆ ಗೊತ್ತುಂಟು.

ಹೆಚ್ಚು ಕಾಲ ಮುಚ್ಚಿಟ್ಟದ್ದು ಮೆತ್ತಗಾಗುವುದಿಲ್ಲ. ಒಗರಾಗುತ್ತದೆ.

ನಾನು ಬರುವುದಿಲ್ಲ. ಒಂದೋ ಅವನನ್ನು ಕರೆಯಬೇಡಿ, ಇಲ್ಲವೇ ನನ್ನ ಮಗಳನ್ನು ಅವತ್ತು ಆ ಕೌಂಟರಿನಲ್ಲಿ ನಿಲ್ಲಿಸಬೇಡಿ. ನನ್ನ ಜುಟ್ಟು ಹಿಡಿದವನಿಗೆ ನನ್ನ ಮಗಳು ಸುರಿದು ಕೊಡುವುದು ನಡೆಯುವ ಸಂಗತಿಯಲ್ಲ.

ಶಟರಿನ ಹೊರಗಿನಿಂದ
ಸ್ನೇಹಲತಾ

*

ಕದ್ರಿ
22 ಮೇ 2025

ಸ್ನೇಹಾ,

ನಿನಗೆ ಭಾಷಣ ಸುಲಭ. ಯೂನಿಯನ್ನಿನಲ್ಲಿ ಕಲಿತದ್ದು ಅದೊಂದೇ. ಅವತ್ತು ಒಳಗೆ ಊಟ ಮಾಡುತ್ತಿದ್ದ ಸಂಸಾರಸ್ಥರಿದ್ದರು, ಮಕ್ಕಳಿದ್ದರು. ಶಟರ್ ಎಳೆಯದಿದ್ದರೆ ಹೋಟೆಲನ್ನೇ ಸುಡುತ್ತಿದ್ದರು. ಸುಟ್ಟಿದ್ದರೆ ಕೆಲಸದವರಿಗೆ ನಿನ್ನ ಯೂನಿಯನ್ ಅನ್ನ ಹಾಕುತ್ತಿತ್ತಾ?

ಇಷ್ಟು ದಿನ ಹೇಳದ ಮಾತು ಈಗ ಹೇಳುತ್ತೇನೆ. ಕೋರ್ಟಿಗೆ ಹೋಗುವ ಹಿಂದಿನ ದಿನ ನಿನ್ನ ಅಮ್ಮ ನನ್ನಲ್ಲಿಗೆ ಬಂದಿದ್ದಳು. “ಮನೆಯ ಹೆಣ್ಣಿನ ಹೆಸರನ್ನು ಇನ್ನೆಷ್ಟು ಸಲ ಕೋರ್ಟಿನಲ್ಲಿ ಕೂಗಿಸ್ತೀಯ ಚಿತ್ತಾ, ಸಾಕು ಮಾಡು” ಎಂದು ಕೈ ಹಿಡಿದು ಅತ್ತಳು. ಹೇಮಾಕ್ಷಿ ಅಕ್ಕ ನನ್ನೆದುರು ಅತ್ತದ್ದು ಅದೊಂದೇ ಸಲ. ನಾನು ಯಾರ ಮಾತು ಕೇಳಬೇಕಿತ್ತು?

ಕರೆದವರನ್ನು ಬರಬೇಡಿ ಎನ್ನಲಾಗುವುದಿಲ್ಲ. ಕರೆಯ ಕಾರ್ಡು ಹಂಚಿ ಆಗಿದೆ. ಮನ್ವಿತಾ ಸಣ್ಣ ಮಗುವಲ್ಲ, ಇಪ್ಪತ್ತಮೂರು. ಅವಳಿಗೆ ಇಷ್ಟವಿದ್ದರೆ ನಿಲ್ಲುತ್ತಾಳೆ. ಆವತ್ತಿನ ಹುಡುಗ ಇವರೇ ಎಂದು ನಾನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಇದೆಲ್ಲದರ ಮೇಲೆ ಇನ್ನೊಂದು ಉಂಟು. ತೀರಿಹೋದ ಅಕ್ಕನಿಗೆ ಈ ಮಳೆಗಾಲದ ಆಟಿ ತಿಂಗಳಲ್ಲಿ ಮೊದಲ ಸಲ ಬಡಿಸಬೇಕು. ಅಜ್ಜಿಗೆ ಬಡಿಸಿದ್ದು ನಿನಗೆ ನೆನಪಿರಬಹುದು. ಅವಳ ಇಷ್ಟದ ಕೋಳಿ, ರೊಟ್ಟಿ, ಕಳ್ಳು ಎಲ್ಲ ಎಲೆಯಲ್ಲಿಟ್ಟು, ಬಾಗಿಲು ಮುಚ್ಚಿ, ಸತ್ತವರು ಉಂಡು ಹೋಗಲಿ ಎಂದು ನಾವೆಲ್ಲ ಅಂಗಳದಲ್ಲಿ ನಿಂತಿದ್ದೆವು. ನಮ್ಮ ಕುಟುಂಬದಲ್ಲಿ ಮಗಳೇ ಎಲೆ ಹಾಕುವುದು ಕ್ರಮ. ನೀನು ಬಾರದಿದ್ದರೆ ಅಕ್ಕನಿಗೆ ಅಗೆಲಿನ ಎಡೆ ಇಲ್ಲ. ನನ್ನ ಮೇಲಿನ ಸಿಟ್ಟಿನಲ್ಲಿ ಅವಳನ್ನು ಹಸಿದಿರಿಸಬೇಡ.

ಚಿತ್ತರಂಜನ ಮಾವ

*

ಕಾವೂರು
27 ಮೇ 2025

ಮನ್ವಿ,

ನೀನು ಆ ಹೋಟೆಲಿಗೆ ಸೇರಿದ ದಿನದಿಂದ ನಾನು ನಿನ್ನ ಫೋನ್ ಎತ್ತಿಲ್ಲ. ಈ ಸಂಗತಿ ಫೋನಿನಲ್ಲಿ ಹೇಳುವಂಥದ್ದೂ ಅಲ್ಲ. ಹೇಳುತ್ತಾ ಹೇಳುತ್ತಾ ನಾನು ಬೊಬ್ಬೆ ಹೊಡೆಯುತ್ತೇನೆ, ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲಾಗುವುದಿಲ್ಲ.

ನಿನ್ನ ಅಮ್ಮನಿಗೆ ಹೊಡೆದರು ಎಂದು ನಿನಗೆ ಗೊತ್ತು. ಆರೇಳು ವರ್ಷದ ಹುಡುಗಿ ನೀನು, ನನ್ನ ತಲೆಯ ಆ ಬೋಳು ಭಾಗದ ಮೇಲೆ ತೆಂಗಿನೆಣ್ಣೆ ಹಚ್ಚಿ ಉಫ್ ಉಫ್ ಎಂದು ಊದುತ್ತಿದ್ದೆ. ಯಾರು ಹೊಡೆದದ್ದು ಎಂದು ದೊಡ್ಡವಳಾದ ಮೇಲೆ ಎಷ್ಟೋ ಸಲ ಕೇಳಿದೆ. ನಾನು ಹೇಳಲಿಲ್ಲ. ನೀನು ಇದೇ ಊರಿನಲ್ಲಿ ಬಸ್ಸು ಹತ್ತಬೇಕಿತ್ತು, ಇದೇ ಊರಿನಲ್ಲಿ ನಗಬೇಕಿತ್ತು. ಎದುರು ಬಂದ ಪ್ರತಿ ಗಂಡಸಿನ ಮುಖದಲ್ಲಿ ಅವನನ್ನು ಹುಡುಕುತ್ತಾ ಬೆಳೆಯುವುದು ಬೇಡ ಎಂದುಕೊಂಡೆ.

ಈಗ ಹೇಳುತ್ತೇನೆ. ಜೂನ್ 14ಕ್ಕೆ ನಿಮ್ಮ ಮುಖ್ಯ ಅತಿಥಿ. ಪೃಥ್ವಿರಾಜ್.

ನಿನ್ನ ಚಿತ್ತರಂಜನ ಅಜ್ಜ ಆವತ್ತು ಶಟರ್ ಎಳೆದದ್ದೂ ಕೋರ್ಟಿನಲ್ಲಿ ಸುಳ್ಳು ಹೇಳಿದ್ದೂ ನಿನಗೆ ಗೊತ್ತಿದ್ದ ಸಂಗತಿಯೇ. ಗೊತ್ತಿದ್ದೇ ಅಲ್ಲಿ ಸೇರಿದೆ. “ಅಮ್ಮ, ಮಂಗಳೂರಿನಲ್ಲಿ ಹುಡುಗಿಯನ್ನು ಬಾರಿನ ಹಿಂದೆ ನಿಲ್ಲಿಸುವ ಧೈರ್ಯ ಇರುವುದು ಅವರೊಬ್ಬರಿಗೇ” ಎಂದೆ. ಧೈರ್ಯ! ಆ ಶಬ್ದಕ್ಕೆ ನಾನು ನಿನ್ನ ಮೇಲೆ ಕೈ ಎತ್ತಿದ್ದೆ. ಹೊಡೆಯಲಿಲ್ಲ. ಎತ್ತಿದ್ದು ನನಗೆ ಮರೆತಿಲ್ಲ.

ಕೆಲಸ ಬಿಡು ಎಂದು ಹೇಳುವುದಿಲ್ಲ. ಹೆಣ್ಣುಮಕ್ಕಳು ಬಾರಿನ ಎದುರೂ ಕೂರಬೇಕು, ಹಿಂದೆಯೂ ನಿಲ್ಲಬೇಕು ಎಂದು ಬೀದಿಯಲ್ಲಿ ಕೂಗಿದವಳೇ ನಾನು. ಅವನಿಗೆ ಸುರಿಯುವುದೋ ಬಿಡುವುದೋ ನಿನ್ನ ಕೈ. ಆದರೆ ಯಾರಿಗೆಂದು ಗೊತ್ತಿಲ್ಲದೆ ಸುರಿಯಬೇಡ.

ಅಮ್ಮ

*

ಬೈಕಂಪಾಡಿ
16 ಜೂನ್ 2025

ಅಮ್ಮ,

ನಾನು ಈಗ ಚೈತಾಲಿಯ ಮನೆಯಲ್ಲಿದ್ದೇನೆ, ನನ್ನ ಜೊತೆ ಕೌಂಟರಿನಲ್ಲಿದ್ದ ಹುಡುಗಿ. ಕೆಲಸ ಬಿಟ್ಟೆ. ಸಿಟ್ಟಾಗಬೇಡ, ಪೂರ್ತಿ ಓದು. ನಿನ್ನ ಕಾಗದ ಏಪ್ರನ್ನಿನ ಕಿಸೆಯಲ್ಲೇ ಇತ್ತು. ಮಡಚಿ ಮಡಚಿ ಹರಿಯುವ ಹಾಗೆ ಆಗಿದೆ.

ಶನಿವಾರ ಎಲ್ಲರೂ ಬಂದರು. ಡಾಕ್ಟರುಗಳು, ಬಿಲ್ಡರುಗಳು, ರೇಷ್ಮೆ ಸೀರೆಯ ಆಂಟಿಯರು. ಹೆಂಗಸರಿಗೆಂದೇ ಎರಡು ಮೇಜು, ಮೇಲೆ ಮಲ್ಲಿಗೆ. ಮೊದಲ ಮೇಜಿನಲ್ಲಿ ಅವನು. ನಾನು ರಾಕ್ಷಸನ ಹಾಗೆ ಇರುತ್ತಾನೆ ಎಂದುಕೊಂಡಿದ್ದೆ. ಇಲ್ಲ ಅಮ್ಮ. ಕನ್ನಡಕ, ಸಣ್ಣ ಹೊಟ್ಟೆ, ತುಂಬ ಮರ್ಯಾದಸ್ಥ. “ಎಂತ ಓದಿದ್ದಮ್ಮ ನೀನು?” ಎಂದು ಕೇಳಿದ. ನಾನು ಉತ್ತರವನ್ನೂ ಕೊಟ್ಟೆ. ಆಮೇಲೆ ಬಾತ್‌ರೂಮಿಗೆ ಹೋಗಿ ಬಾಯಿ ತೊಳೆದೆ.

ಮೈಕ್ ಕೊಟ್ಟರು. ಅಜ್ಜ ನನಗೆ ಬರೆದು ಬಾಯಿಪಾಠ ಮಾಡಿಸಿದ್ದ ಮಾತುಗಳನ್ನೇ ಹೇಳುತ್ತಾ ಹೋದೆ. ಪೀಪಾಯಿಯನ್ನು ಒಳಗಿನಿಂದ ಸುಡುತ್ತಾರೆ, ಆ ಸುಟ್ಟ ಮರವೇ ಬಣ್ಣ ಕೊಡುವುದು, ಮೊದಲು ಮೂಸಿ ನೋಡಿ, ಬಾಯಿ ಸ್ವಲ್ಪ ತೆರೆದು ಮೂಸಿ, ಆಗ ಬೆಲ್ಲ ಸಿಗುತ್ತದೆ. ಎಲ್ಲರೂ ಬಾಯಿ ತೆರೆದು ಖಾಲಿ ಗ್ಲಾಸ್ ಮೂಸುತ್ತಾ ಕೂತಿದ್ದರು. ನಗು ಬರುವ ಹಾಗಿತ್ತು. ಆಮೇಲೆ “ಈ ಪೀಪಾಯಿ ತುಂಬಿಸಿದ ವರ್ಷ 2009” ಎಂಬಲ್ಲಿಗೆ ಬಂದೆ. ಮುಂದಿನ ಸಾಲು ಅಜ್ಜನದ್ದು: “ಅದೇ ವರ್ಷ ಪಡುಗಾಳಿ ತನ್ನ ಹತ್ತನೇ ವರ್ಷ ಆಚರಿಸಿತು.” ಅದು ನನ್ನ ಬಾಯಿಗೆ ಬರಲಿಲ್ಲ.

ನಾನು ಹೇಳಿದ್ದು ಇಷ್ಟು: “ಅದೇ ವರ್ಷ ಈ ಬಾಗಿಲಿನಲ್ಲಿ ನನ್ನ ಅಮ್ಮನ ಜುಟ್ಟು ಹಿಡಿದು ಎಳೆದರು. ಅಮ್ಮನ ಜೊತೆಗಿದ್ದ ಶಾಹುಲ್ ಅಂಕಲ್‌ನ ಕಿವಿ ಒಡೆದರು. ಮಾಡಿದವರು ಇವತ್ತಿನ ಮುಖ್ಯ ಅತಿಥಿ, ಪೃಥ್ವಿರಾಜ್. ಉಳಿದವರಿಗೆಲ್ಲ ನಾನು ಸುರಿಯುತ್ತೇನೆ. ಅವರಿಗೆ ಸುರಿಯುವುದಿಲ್ಲ.”

ಮೂಸುತ್ತಿದ್ದ ಗ್ಲಾಸುಗಳೆಲ್ಲ ಒಂದೊಂದಾಗಿ ಮೇಜಿಗೆ ಇಳಿದವು.

ಮೂರನೇ ಮೇಜಿನಿಂದ ಒಬ್ಬರು ಎದ್ದರು, ಆರ್ಥರ್ ಅಂತ, ರಿಟೈರ್ಡ್ ಪ್ರಿನ್ಸಿಪಾಲ್, ಅಜ್ಜನ ಹಳೇ ಗೆಳೆಯ. ಅವರು ನನ್ನನ್ನು ನೋಡಲಿಲ್ಲ. ಅಜ್ಜನನ್ನು ನೋಡಿ “ಹೌದಾ ಚಿತ್ತರಂಜನ?” ಎಂದರು.

ಅಮ್ಮ, ನಲವತ್ತು ಜನ ಅಜ್ಜನ ಬಾಯಿ ನೋಡುತ್ತಿದ್ದರು. ಒಂದು ಶಬ್ದ ಸಾಕಿತ್ತು. ಅಜ್ಜ ಕರವಸ್ತ್ರದಿಂದ ಹಣೆ ಒರೆಸಿ ಹೇಳಿದರು: “ನಾನು ಆಗ ಕಿಚನ್‌ನಲ್ಲಿದ್ದೆ, ಏನೂ ನೋಡಿಲ್ಲ.” ಅದೇ ವಾಕ್ಯ. ನೀನು ಎಷ್ಟೋ ಸಲ ಅಣಕಿಸಿ ತೋರಿಸಿದ್ದೀಯಲ್ಲ, ಅದೇ ರಾಗ.

ಪೃಥ್ವಿರಾಜ್ ಸಿಟ್ಟಾಗಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ಎದ್ದು ಬಂದು ಬಾಟಲಿ ತೆಗೆದು ತಾನೇ ಸುರಿದುಕೊಂಡ. “ಹುಡುಗಿಯ ಬಾಯಿ ಜೋರುಂಟು ಶೆಟ್ರೇ. ಒಳ್ಳೆ ಸೇಲ್ಸ್ ಮಾಡ್ತಾಳೆ” ಎಂದು ಗ್ಲಾಸ್ ಎತ್ತಿದ. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಕಟ್ಟಿಕೊಂಡ ಉಸಿರು ಬಿಟ್ಟ ಹಾಗೆ. ಆರ್ಥರ್ ಸರ್ ಒಬ್ಬರೇ ತಮ್ಮ ಖಾಲಿ ಗ್ಲಾಸನ್ನು ಬೋರಲು ಹಾಕಿ ಹೊರಗೆ ಹೋದರು. ಉಳಿದವರು ಕುಡಿದರು. “ಸ್ಮೂತ್ ಉಂಟಲ್ಲ” ಎಂದರು.

ನಾನು ಕಿಚನ್ನಿಗೆ ಹೋಗಿ ಏಪ್ರನ್ ಬಿಚ್ಚುತ್ತಿದ್ದೆ. ಅಜ್ಜ ಬಂದರು. ಅಡುಗೆಯವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಚಿಲಕ ಹಾಕಿದರು. ನನ್ನ ಕೈ ಹಿಡಿದುಕೊಂಡು ಕಿವಿಯ ಹತ್ತಿರ ಬಂದು, “ನೋಡಿದ್ದೇನೆ ಪುಳ್ಳೀ. ಎಲ್ಲ ನೋಡಿದ್ದೇನೆ. ಅವನೇ” ಎಂದರು.

“ಚಿಲಕ ತೆಗೆದು ಹೇಳಿ ಅಜ್ಜ. ಎಲ್ಲರೂ ಇನ್ನೂ ಅಲ್ಲೇ ಇದ್ದಾರೆ” ಎಂದೆ.

“ಅದು ಮಾತ್ರ ಆಗುವುದಿಲ್ಲ ಮಗಾ” ಎಂದರು.

ನಾನೇ ಚಿಲಕ ತೆಗೆದು ಹಿಂದಿನ ಬಾಗಿಲಿನಿಂದ ಹೊರಟೆ.

ಅಮ್ಮ, ಚೈತಾಲಿಯ ಅಮ್ಮ ತುಂಬ ಒಳ್ಳೆಯವರು, ಬೇಕಾದಷ್ಟು ದಿನ ಇರು ಎನ್ನುತ್ತಾರೆ. ಆದರೂ. ನಿನಗೆ ತೊಂದರೆ ಇಲ್ಲದಿದ್ದರೆ ಫೋನ್ ಎತ್ತು.

ಮನ್ವಿ

*

ಕಾವೂರು
19 ಜೂನ್ 2025

ಮಾವ,

ಮನ್ವಿತಾ ಮನೆಯಲ್ಲಿದ್ದಾಳೆ. ಕಾಗದ ಓದಿದ ಗಳಿಗೆಯಲ್ಲೇ ಬಸ್ಸು ಹತ್ತಿ ಬೈಕಂಪಾಡಿಗೆ ಹೋಗಿ ಕರೆದುಕೊಂಡು ಬಂದೆ. ಬಂಗುಡೆ ಮೀನಿನ ಪುಳಿಮುಂಚಿ ಮಾಡಿದೆ, ಉಂಡಳು.

ಮೊದಲು ಅಮ್ಮನ ವಿಷಯ. ಅವಳು ಅತ್ತು ಬೇಡಿಕೊಂಡಿದ್ದಳು, ನಿಜವೇ ಇರಬಹುದು. ಹೆದರಿದವಳ ಮಾತನ್ನು ಕೇಳಿದಿರಿ, ಪೆಟ್ಟು ತಿಂದವಳ ಮಾತನ್ನು ಕೇಳಲಿಲ್ಲ. ಬದುಕಿರುವಷ್ಟು ದಿನ ಅವಳನ್ನು ನಿಮ್ಮ ಬೆನ್ನ ಹಿಂದೆ ಬಚ್ಚಿಟ್ಟಿರಿ, ಸತ್ತ ಮೇಲೆ ಮುಂದೆ ನಿಲ್ಲಿಸುತ್ತೀರಿ. ಅವತ್ತು ಕಟಕಟೆಯಲ್ಲಿ ನಿಂತದ್ದು ಅವಳಲ್ಲ. ಮೊನ್ನೆ ಶನಿವಾರ ಅವಳು ಎಲ್ಲಿದ್ದಳು? ಮೊನ್ನೆ ನಿಮ್ಮ ಕೈ ಹಿಡಿದು ಅತ್ತವರು ಯಾರು?

ನೀವು ಈಗ ಸತ್ಯ ಹೇಳಿದ್ದೀರಿ ಎಂದುಕೊಂಡಿರಬಹುದು. ಚಿಲಕ ಹಾಕಿ, ಒಬ್ಬ ಹುಡುಗಿಯ ಕಿವಿಯಲ್ಲಿ. ಮಾವ, ನಮ್ಮ ಕ್ರಮದಲ್ಲಿ ಬಾಗಿಲು ಮುಚ್ಚಿ ಬಡಿಸುವುದು ಸತ್ತವರಿಗೆ ಮಾತ್ರ. ನಾವು ಸತ್ತಿಲ್ಲ. ನಾನೂ ಬದುಕಿದ್ದೇನೆ, ನನ್ನ ಮಗಳೂ ಬದುಕಿದ್ದಾಳೆ, ಶಾಹುಲ್‌ನೂ ಬದುಕಿದ್ದಾನೆ. ಬದುಕಿರುವವರಿಗೆ ಬಾಗಿಲು ತೆರೆದೇ ಬಡಿಸಬೇಕು.

ನೀವು ಅಮ್ಮನ ಎಲೆಗೆ ನನ್ನನ್ನು ಕರೆಯುತ್ತೀರಿ. ಬರುತ್ತೇನೆ. ಆದರೆ ಮೊದಲು ಪಡೀಲಿಗೆ ಹೋಗಿ. ಗಲ್ಫಿನಿಂದ ವಾಪಸು ಬಂದ ಮೇಲೆ ಶಾಹುಲ್ ಅಲ್ಲಿ ಬಸ್ಸಿನ ರಸ್ತೆಯ ಬದಿಯಲ್ಲೇ ಹಣ್ಣಿನ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳು ಇರುವಾಗಲೇ ಹೋಗಿ. ನಾನು ನೋಡಿದ್ದೆ, ಕೋರ್ಟಿನಲ್ಲಿ ಸುಳ್ಳು ಹೇಳಿದೆ ಎಂದು ಅವನೆದುರು ಹೇಳಿ. ಕೇಸು ಮತ್ತೆ ಏಳುತ್ತದೋ ಇಲ್ಲವೋ, ನೀವು ಸಿಕ್ಕಿಬೀಳುತ್ತೀರೋ ಇಲ್ಲವೋ, ಅದು ಆಮೇಲಿನ ಮಾತು. ಅವನ ಕಿವಿ ಹೋದದ್ದು ನನ್ನ ಜುಟ್ಟಿಗಾಗಿ. ಅದನ್ನು ನಾನು ನೋಡಿದ್ದೆ ಎಂದು ಹೇಳುವ ಒಂದೇ ಒಂದು ಬಾಯಿ ಈ ಊರಿನಲ್ಲಿ ಅವನಿಗೆ ಸಿಗಲಿಲ್ಲ.

ಹೇಳಿದ ದಿನ ನಾನು ಎಲೆ ಹಾಕಲು ಬರುತ್ತೇನೆ.

ಸ್ನೇಹಲತಾ

*

ಕದ್ರಿ
21 ಜುಲೈ 2025

ಪ್ರೀತಿಯ ಸ್ನೇಹಾ,

ನೀನು ಹೇಳಿದ ಹಾಗೆ ಮಾಡಿದೆ. ಒಂದು ತಿಂಗಳು ಬೇಕಾಯಿತು, ಸುಳ್ಳು ಹೇಳುವುದಿಲ್ಲ. ಎರಡು ಸಲ ಅಂಗಡಿಯ ಎದುರಿನವರೆಗೆ ಹೋಗಿ “ಸೀದಾ ಹೋಗು ಅಲ್ಫೋನ್ಸ್” ಎಂದು ಹೇಳಿ ವಾಪಸ್ ಬಂದಿದ್ದೆ.

ನಿನ್ನೆ ಇಳಿದೆ. ಶಾಹುಲ್ ಅನಾನಸಿನ ರಾಶಿಯ ಹಿಂದೆ ಕೂತಿದ್ದ. ತಲೆ ನರೆತಿದೆ. ಇಬ್ಬರು ಮೂವರು ಗಿರಾಕಿಗಳೂ ಇದ್ದರು. ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. ನನಗೆ ಹೇಳಲಿಕ್ಕಿದ್ದನ್ನು ಹೇಳಿದೆ. ನೋಡಿದ್ದೆ ಎಂದೆ. ಸುಳ್ಳು ಹೇಳಿದೆ ಎಂದೆ. ತಪ್ಪಾಯಿತು ಎಂದೂ ಸೇರಿಸಿದೆ, ಅದು ನೀನು ಹೇಳಿರಲಿಲ್ಲ.

ಅವನು ಬಯ್ಯಲಿಲ್ಲ. ಒಂದು ಮಾತೂ ಆಡಲಿಲ್ಲ. ನನ್ನನ್ನು ನೋಡಿ ತಲೆ ಆಡಿಸಿ, ಒಂದು ಚಿಪ್ಪು ಕದಳಿ ಬಾಳೆಹಣ್ಣನ್ನು ಕಟ್ಟಿ ಕೈಗೆ ಕೊಟ್ಟ. ದೊಡ್ಡ ಮನಸ್ಸಿನವ. ಕ್ಷಮಿಸಿದ ಎಂದೇ ನಾನು ತಿಳಿದೆ. ಕಾರಿನಲ್ಲಿ ಕೂತು ಒಂದು ಹಣ್ಣು ತಿಂದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಇನ್ನಾದರೂ ಬಾ. ಆಗಸ್ಟ್ 3, ಭಾನುವಾರ ಅಕ್ಕನಿಗೆ ಬಡಿಸುವುದು. ಒಂದು ಬರ್ಬನ್ ಬಾಟಲಿಯನ್ನೂ ಎಲೆಯ ಪಕ್ಕದಲ್ಲಿಡೋಣ, ತಮ್ಮ ಎಷ್ಟು ಮೇಲೆ ಬಂದ ಎಂದು ಅವಳೂ ರುಚಿ ನೋಡಲಿ. ಮನ್ವಿತಾಳನ್ನೂ ಕರೆತಾ. ಅವಳ ಕೆಲಸ ಹಾಗೇ ಉಂಟು.

ಮನಸ್ಸು ಹಗುರಾದ
ಚಿತ್ತರಂಜನ ಮಾವ

*

ಕಾವೂರು
27 ಜುಲೈ 2025

ಮಾವ,

ನಿಮ್ಮ ಕಾಗದ ಓದಿ ನನಗೆ ಕಣ್ಣೀರು ಬಂತು. ಹೌದು, ನನಗೆ. ಮನ್ವಿತಾಳನ್ನು ಕರೆದು ಓದಿಸಿದೆ. “ಅಜ್ಜ ಹೇಳಿದರು ಅಮ್ಮ!” ಎಂದು ಅವಳು ಅಡುಗೆಮನೆಯಲ್ಲಿ ಕುಣಿದಳು. ಇಬ್ಬರೂ ಇವತ್ತು ಬೆಳಿಗ್ಗೆ ಪಡೀಲಿಗೆ ಹೋದೆವು.

ನಮ್ಮನ್ನು ನೋಡಿ ಶಾಹುಲ್ ಎದ್ದು ನಿಂತ. ಕುರ್ಚಿ ಒರೆಸಿದ. ನಾನು ಕೂತು, “ಮಾವ ಬಂದಿದ್ದರಂತಲ್ಲ” ಎಂದೆ.

“ಹಾ, ಶೆಟ್ರು ಬಂದಿದ್ದರು. ನಮ್ಮ ಅಂಗಡಿಗೆ ಅವರು ಬರುವುದೆಂದರೆ!” ಎಂದ. “ಈ ಬದಿಗೆ ಬಂದು ನಿಂತರು. ತುಟಿ ಅಲ್ಲಾಡಿತು. ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್ ಬೇರೆ. ನನಗೆ ಎಂತದೂ ಕೇಳಲಿಲ್ಲ ಸ್ನೇಹಕ್ಕ. ಕಣ್ಣು ಬಾಳೆಹಣ್ಣಿನ ಮೇಲೆಯೇ ಇತ್ತು. ಹಣ್ಣು ಬೇಕೇನೋ ಎಂದು ಒಂದು ಚಿಪ್ಪು ಕಟ್ಟಿ ಕೊಟ್ಟೆ. ತೆಗೆದುಕೊಂಡು ಹೋದರು.”

ಈ ಬದಿ ಎಂದು ಅವನು ಮುಟ್ಟಿ ತೋರಿಸಿದ್ದು ಎಡಗಿವಿಯನ್ನು.

ಅವನ ಹೆಂಡತಿ ನಾಝಿಮಾ ಒಳಗಿನಿಂದ ಎಲ್ಲ ನೋಡಿದ್ದಳು. “ಬಲದ ಬದಿಯಲ್ಲಿ ಸ್ಟೂಲ್ ಇತ್ತು. ಕೂತುಕೊಳ್ಳಿ ಎಂದು ನಾನೇ ಹೇಳಿದೆ. ಬೇಡ ಎಂದು ಸುತ್ತು ಬಳಸಿ ಆಚೆ ಹೋದರು” ಎಂದಳು.

ಯಾವ ಕಿವಿ ಎಂದು ನಿಮಗೆ ಗೊತ್ತಿಲ್ಲವಾ ಮಾವ? ಕೋರ್ಟಿನಲ್ಲಿ ಡಾಕ್ಟರು ಎಡಗಿವಿ, ಎಡಗಿವಿ ಎಂದು ಹೇಳುವಾಗ ನೀವು ಮುಂದಿನ ಬೆಂಚಿನಲ್ಲಿದ್ದಿರಿ. ನಿಮ್ಮ ಬಿಳಿ ಅಂಗಿಯನ್ನು ಹಿಂದಿನಿಂದ ನೋಡುತ್ತಾ ಕೂತವಳು ನಾನು. ಈ ಊರಿನಲ್ಲಿ ನಿಮ್ಮ ಸತ್ಯ ಹೇಳಲಿಕ್ಕೆ ನೀವು ಹುಡುಕಿ ಹುಡುಕಿ ಆರಿಸಿದ ಜಾಗ ಅದು. ಪೃಥ್ವಿರಾಜ್ ಒಡೆದ ಕಿವಿ. ಕೆಂಟಕಿಯಲ್ಲಿ ಪೀಪಾಯಿ ಆರಿಸಿದ ಹಾಗೆ, ಇದಕ್ಕಿಂತ ಭದ್ರವಾಗಿ ಮುಚ್ಚಿದ್ದು ಬೇರೆ ಇಲ್ಲ ಎಂದು ನೋಡಿಯೇ ಆರಿಸಿದಿರಿ. ಹೋಗಲಿ, ಶಾಹುಲ್ ಹಣ್ಣು ಕೊಟ್ಟಾಗಲಾದರೂ ನಿಮಗೆ ಗೊತ್ತಾಯಿತಲ್ಲ, ಕೇಳಿಲ್ಲ ಎಂದು? “ಶಾಹುಲ್, ನಾನು ಹಣ್ಣಿಗೆ ಬಂದದ್ದಲ್ಲ” ಎನ್ನಲಿಕ್ಕೆ ಎಷ್ಟು ಉಸಿರು ಬೇಕಿತ್ತು? ನೀವು ಕ್ಷಮೆ ಎಂದು ಹೆಸರಿಟ್ಟು ಅದನ್ನು ಕಾರಿನಲ್ಲಿ ಕೂತು ತಿಂದಿರಿ.

ನಾನು ಶಾಹುಲ್‌ಗೆ ಹೇಳಲಿಲ್ಲ, ನೀವು ಎಂತ ಹೇಳಲು ಬಂದಿದ್ದಿರೆಂದು. ಮನ್ವಿತಾ ಬಾಯಿ ತೆರೆದಳು, ನಾನು ಅವಳ ಕೈ ಒತ್ತಿದೆ. ಅದನ್ನು ನಾವು ಹೇಳಿದರೆ ಆಗುವುದಿಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕಾದ ಮಾತು.

ಅಮ್ಮನಿಗೆ ಆಗಸ್ಟ್ 3ಕ್ಕೆ ಇಲ್ಲೇ, ನನ್ನ ಬಾಡಿಗೆ ಮನೆಯಲ್ಲೇ ಬಡಿಸುತ್ತೇನೆ. ಎಲೆ ನಾನು ಹಾಕುತ್ತೇನೆ, ಕೋಳಿ ಮನ್ವಿತಾ ಬಡಿಸುತ್ತಾಳೆ. ಕಳ್ಳು ತರಿಸಿದ್ದೇನೆ, ಅವಳಿಗೆ ಅದೇ ಇಷ್ಟ. ಹದಿನೈದು ವರ್ಷ ಅವಳೂ ಬಾಯಿ ಮುಚ್ಚಿಕೊಂಡು ಬದುಕಿದಳು, ಇನ್ನು ಆ ಒಗರನ್ನು ಅವಳ ಎಲೆಗೆ ನಾನು ಇಡುವುದಿಲ್ಲ. ನಿಮ್ಮ ಬಾಟಲಿಯನ್ನು ಅಲ್ಫೋನ್ಸ್‌ನ ಕೈಯಲ್ಲಿ ವಾಪಸ್ ಕಳಿಸಿದ್ದೇನೆ. ಒಂದು ಲೋಟ ಕಡಿಮೆ ಉಂಟು, ಅದು ನಾನು ಕುಡಿದದ್ದು. ದೇವತೆಗಳ ಪಾಲಿಗೆ ಸೇರಿಸಬೇಡಿ.

ಆಟಿ ಮುಗಿಯಲು ಇನ್ನೂ ದಿನ ಉಂಟು. ಪಡೀಲಿನ ಅಂಗಡಿ ಬೆಳಿಗ್ಗೆ ಬೇಗ ತೆರೆಯುತ್ತದೆ, ಅದಕ್ಕೆ ಶಟರ್ ಇಲ್ಲ, ಬರೀ ಟಾರ್ಪಾಲು. ಆ ಸ್ಟೂಲನ್ನು ಅಲ್ಲೇ ಇಟ್ಟಿರಲು ನಾಝಿಮಾಳಿಗೆ ಹೇಳಿ ಬಂದಿದ್ದೇನೆ.

ಬಲಗಡೆ.

ಸ್ನೇಹಲತಾ